ಗಂಜಿನಲ್ಲಿ ಒಂದು ಬೆಳಗು



2025ರ ಸೋಯಾ ಸುಗ್ಗಿಯಲ್ಲಿ ನಾವು ಕಾರ್ಯನಿಮಿತ್ತ ಬೀದರಿಗೆ ಹೋಗಿದ್ದೆವು. ಕಾಫಿ, ಅಡಿಕೆ ಬೆಳೆಯದ ಸೀಮೆ ಅದು. ತೊಗರಿ, ಸೋಯಾ, ಉದ್ದು, ಕಡಲೆಗಳದೇ ರಾಜ್ಯ. ಬಿಡುವಾದ ಒಂದು ಬೆಳಗ್ಗೆ ಗಾಂಧಿಗಂಜಿನ ಮಾರುಕಟ್ಟೆಯನ್ನು ನೋಡಿದೆವು. ಕಂಡದ್ದರಲ್ಲಿ ನಮಗೂ ಪಾಠವಿದೆಯೆಂದು ಇಲ್ಲಿ ಬರೆಯುತ್ತಿದ್ದೇವೆ.

ಅಡತಿ ಅಂಗಡಿಯವರು ಬಾಗಿಲು ತೆರೆದು ಮೊದಲು ತಕ್ಕಡಿಗೂ ಲೆಕ್ಕದ ಪುಸ್ತಕಕ್ಕೂ ಊದಿನಕಡ್ಡಿ ಬೆಳಗುತ್ತಾರೆ. ಬೋಣಿ ಆಗುವ ತನಕ ಯಾರೂ ಜಗಳಕ್ಕೆ ನಿಲ್ಲುವುದಿಲ್ಲ. ಹಮಾಲರು ಚೀಲ ಬಿಚ್ಚಿ ರಾಶಿ ಸುರಿಯುತ್ತಾರೆ. ಖರೀದಿದಾರರು ಒಂದು ಹಿಡಿ ಎತ್ತಿ, ಅಂಗೈಯಲ್ಲಿ ಹರಡಿ, ಒಂದು ಕಾಳು ಕಚ್ಚಿ ತೇವ ನೋಡಿ ಮುಂದೆ ನಡೆಯುತ್ತಾರೆ. ಬಾಯಿಬಿಟ್ಟು ಬೆಲೆ ಕೂಗುವವರಿಲ್ಲ. ರಾಜ್ಯದಲ್ಲಿ 2014ರಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆ ಬಂದ ಮೇಲೆ ರಾಶಿಗೊಂದು ಲಾಟ್ ನಂಬರು; ಬೆಲೆಯನ್ನು ಗಣಕಯಂತ್ರಕ್ಕೆ ತುಂಬುತ್ತಾರೆ, ಹೆಚ್ಚು ಹಾಕಿದವನಿಗೆ ಮಾಲು.

ಹಿಂದೆ ದೇಶದ ಎಷ್ಟೋ ಮಂಡಿಗಳಲ್ಲಿ ಬಟ್ಟೆಯ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುತ್ತಿದ್ದರು. ಮಾಲಿನ ಒಡೆಯನಿಗೇ ಬೆಲೆ ಗೊತ್ತಾಗುತ್ತಿರಲಿಲ್ಲ. ಆಮೇಲೆ ಬಂದದ್ದು ಬಹಿರಂಗ ಸವಾಲು. ಮುಂಬಯಿಯ ಷೇರುಪೇಟೆಯಲ್ಲಿಯೂ 1995ರವರೆಗೆ ದಲಾಲರು ಕಟಕಟೆಯ ಸುತ್ತ ಕೈಸನ್ನೆ ಮಾಡಿ ಕೂಗುತ್ತಿದ್ದರು. ಯಂತ್ರ ಬಂದು ಆ ಗದ್ದಲ ಅಡಗಿತು. ದೀಪಾವಳಿಯ ಮುಹೂರ್ತದ ವ್ಯಾಪಾರ ಮಾತ್ರ ಇಂದಿಗೂ ಉಳಿದಿದೆ.

ಬೆಲೆ ಬಯಲಿಗೆ ಬಂದರೆ ಬೆಳೆಗಾರ ಗೆದ್ದನೇ? ಮಧ್ಯಾಹ್ನ ಭಾಲ್ಕಿಯ ಕಡೆ ಹೊರಟಾಗ, ದಾರಿಯ ಚಹಾದಂಗಡಿಯಲ್ಲಿ ಔರಾದ ಸೀಮೆಯ ಹಿರಿಯರೊಬ್ಬರು ಮಾತಿಗೆ ಸಿಕ್ಕರು. ಮಳೆಗೆ ಸಿಕ್ಕಿ ಅವರ ಸೋಯಾ ಕಪ್ಪಾಗಿತ್ತು. ಆ ಹಂಗಾಮಿನ ಬೆಂಬಲ ಬೆಲೆ ಕ್ವಿಂಟಾಲಿಗೆ 5,328 ರೂಪಾಯಿ. ಅವರಿಗೆ ಸಿಕ್ಕಿದ್ದು ಅದಕ್ಕಿಂತ ಬಹಳ ಕಡಿಮೆ. ಬೆಲೆ ಬೇಡವೆನ್ನಬಹುದಿತ್ತಲ್ಲ ಎಂದೆವು.

"ಒಲ್ಲೆ ಅನ್ನೋ ಹಕ್ಕು ಅದರೀ ಸಾಹೇಬ್ರ. ಆದ್ರ ಬಾಡಿಗಿ ಕೊಟ್ಟು ಮಾಲು ಹೊಳ್ಳಿ ಒಯ್ಯೋದು ಎಲ್ಲಿಗಿ? ಸಾಲದವ ಮನಿ ಮುಂದ ಕುಂತಾನ" ಎಂದರು. ನಮಗೆ ಉತ್ತರ ಹೊಳೆಯಲಿಲ್ಲ.

ಕಾಫಿಯ ಪೂಲ್ ಪದ್ಧತಿ 1996ರ ಹೊತ್ತಿಗೆ ಪೂರ್ತಿ ತೆರವಾಗಿ, ಅಂದಿನಿಂದ ದರದ ಚಿಂತೆ ನಮ್ಮ ಕಣದ ಬಾಗಿಲಿಗೇ ಬಂದಿದೆ. ಮೊಬೈಲಿನಲ್ಲಿ ದಿನದ ದರ ನೋಡಬಲ್ಲೆವು. ಆದರೆ ಕೂಲಿ ಬಟವಾಡೆಯ ಶನಿವಾರ ಬಂದಾಗ ನಮ್ಮಲ್ಲಿ ಎಷ್ಟು ಮಂದಿ ಕಾಯಬಲ್ಲೆವು? ಅಡಿಕೆಗೆ ಸಹಕಾರಿ ಟೆಂಡರು ಇದೆ, ಒಪ್ಪದ ಬೆಲೆಯನ್ನು ನಿರಾಕರಿಸುವ ಅವಕಾಶವೂ ಇದೆ. ಆ ಅವಕಾಶಕ್ಕೆ ಬಲ ಬರುವುದು ಮಾಲಿಡಲು ಗೋದಾಮು, ಕೈಗೆ ಮುಂಗಡ ಎರಡೂ ಇದ್ದಾಗಲೇ. ಔರಾದದ ಆ ಹಿರಿಯರಿಗೆ ಅಂದು ಇಲ್ಲದೆ ಹೋದದ್ದು ಇವೆರಡೇ.

ಆದ್ದರಿಂದ ಸದಸ್ಯರಲ್ಲಿ ವಿನಂತಿ: ಟೆಂಡರಿನ ದಿನ ಸಾಧ್ಯವಾದಷ್ಟು ಖುದ್ದಾಗಿ ಬನ್ನಿ. ಬೆಲೆ ಸರಿಕಾಣದಿದ್ದರೆ ಸಂಕೋಚವಿಲ್ಲದೆ ಹೇಳಿ. ಮಾಲು ಗೋದಾಮಿನಲ್ಲಿರಲಿ, ಅದರ ಮೇಲಿನ ಮುಂಗಡದ ವಿಚಾರವನ್ನು ಸುಗ್ಗಿಗೆ ಮೊದಲೇ ಕಛೇರಿಯಲ್ಲಿ ಮಾತಾಡಿಕೊಳ್ಳಿ.

— ಕಾರ್ಯದರ್ಶಿ