ಪೀಲ್ ಮಾಡಿಸಿದ ಮೇಲೆ ಮೊಡವೆ ಎದ್ದರೆ

ನಿಕಾಹ್‌ಗೆ ಹತ್ತೇ ದಿನವಿರುವಾಗ ಮುಖಕ್ಕೆ ಕೆಮಿಕಲ್ ಪೀಲ್ ಮಾಡಿಸಿ, ಮೊಡವೆ ಎದ್ದಿತೆಂದು ಅಳುತ್ತಾ ಬರುವ ಹೆಣ್ಣುಮಕ್ಕಳು ನನ್ನ ದವಾಖಾನೆಗೆ ಹೊಸಬರಲ್ಲ. ಸಹೋದರಿಯರೇ, ಗಾಬರಿ ಬೇಡ. ಗ್ಲೈಕಾಲಿಕ್ ಅಥವಾ ಸ್ಯಾಲಿಸಿಲಿಕ್ ಆಮ್ಲ ಚರ್ಮದ ಮೇಲ್ಪದರವನ್ನು ಸುಲಿಯುವಾಗ, ರಂಧ್ರಗಳಲ್ಲಿ ಅಡಗಿದ್ದ ಜಿಡ್ಡು ಮೊಡವೆಯಾಗಿ ಮೇಲೆ ಬರಬಹುದು. ಇಂಥ ಸಣ್ಣ ಮೊಡವೆಗಳು ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ತಗ್ಗುತ್ತವೆ. ಚಿವುಟಬೇಡಿ, ಏಳುವ ಸಿಪ್ಪೆಯನ್ನು ಕೀಳಬೇಡಿ. ನಮ್ಮಂಥ ಕಂದು ಮೈಬಣ್ಣದವರಿಗೆ ಅದರಿಂದಾಗುವ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ.

ನಾನು ಯುನಾನಿ ವೈದ್ಯೆ. ಆದರೂ ಹೇಳುತ್ತೇನೆ, ಈ ದಿನಗಳಲ್ಲಿ ಉಬಟನ್, ಮುಲ್ತಾನಿ ಮಿಟ್ಟಿ, ನಿಂಬೆರಸ ಯಾವುದೂ ಬೇಡ. ಅಜ್ಜಿ ಎಷ್ಟೇ ಒತ್ತಾಯಿಸಲಿ! ಸುಲಿದ ಚರ್ಮ ಅವನ್ನು ತಾಳದು. ಸುವಾಸನೆಯಿಲ್ಲದ, ಜಿಡ್ಡಿಲ್ಲದ ಮಾಯಿಶ್ಚರೈಸರ್ ಸಾಕು. ಹೊರಗೆ ಹೋಗುವಾಗ ಸನ್‌ಸ್ಕ್ರೀನ್ ಬೇಕೇ ಬೇಕು. ಚೀಟಿಯಿಲ್ಲದೆ ಸಿಗುವ, ಸ್ಟಿರಾಯ್ಡ್ ಬೆರೆತ ಬಿಳುಪಿನ ಕ್ರೀಮನ್ನಂತೂ ಮುಟ್ಟಬೇಡಿ. ಮೊಡವೆಯನ್ನು ಹೆಚ್ಚಿಸುವುದು ಅದೇ.

ವುಝೂ ಹೇಗೆ ಎಂದು ಹಲವರು ಕೇಳುತ್ತಾರೆ. ಉಜ್ಜದೆ ತಣ್ಣೀರು ಹರಿಸಿ, ಮೆತ್ತನೆಯ ಬಟ್ಟೆಯನ್ನು ಒತ್ತಿ ತೇವ ತೆಗೆಯಿರಿ. ಪ್ರತಿ ಸಲವೂ ಸೋಪು ಬೇಡ. ಹಸಿ ಗಾಯಕ್ಕೆ ನೀರು ತಾಗಿಸಬಾರದೆಂದು ವೈದ್ಯರು ಹೇಳಿದ್ದರೆ ಆಲಿಮರನ್ನು ಕೇಳಿಕೊಳ್ಳಿ. ನಕಾಬ್ ಹತ್ತಿ ಬಟ್ಟೆಯದಿರಲಿ, ದಿನವೂ ಒಗೆದದ್ದಿರಲಿ. ಬೆವರು, ತಿಕ್ಕಾಟ ಎರಡೂ ಮೊಡವೆಗೆ ಕಾರಣ.

ನೋಯುವ ನೀರುಗುಳ್ಳೆಗಳು ಗುಂಪಾಗಿ ಎದ್ದರೆ, ಕೀವು ಒಸರಿದರೆ, ಜ್ವರ ಬಂದರೆ ಅದೇ ದಿನ ಚರ್ಮವೈದ್ಯರನ್ನು ಕಾಣಿ. ಅದು ಹರ್ಪಿಸ್ ಆಗಿರಬಹುದು. ಔಷಧಿ ಬೇಗ ಶುರುವಾದಷ್ಟೂ ಒಳ್ಳೆಯದು.

ಮದುವೆ ನಿಶ್ಚಯವಾಗಿದ್ದರೆ ಪೀಲನ್ನು ಕನಿಷ್ಠ ಒಂದು ತಿಂಗಳು ಮೊದಲೇ ಮುಗಿಸಿ.