ಬೋರ್ಡೋ ದ್ರಾವಣ: ಬೆರೆಸುವ ಕ್ರಮದಲ್ಲಿದೆ ಬೆಳೆಯ ಉಳಿವು



ಒಂದೇ ಮೂಟೆಯ ಮೈಲುತುತ್ತ ಒಯ್ದ ಇಬ್ಬರಲ್ಲಿ ಒಬ್ಬರ ಅಡಿಕೆ ಗೊನೆ ಉಳಿದು ಇನ್ನೊಬ್ಬರದು ಕೊಳೆಯುವುದುಂಟು. ಮದ್ದು ಹೊಡೆದ ಹೊತ್ತು ಇದಕ್ಕೆ ಕಾರಣವಿರಬಹುದು. ಪಾತ್ರೆಯಲ್ಲಿ ಬೆರೆಸಿದ ರೀತಿಯೂ ಕಾರಣವಿರಬಹುದು. ಎರಡನೆಯದು ಪೂರ್ತಿ ನಮ್ಮ ಕೈಯಲ್ಲಿದೆ.

ಫ್ರಾನ್ಸಿನ ಬೋರ್ಡೋ ಪ್ರಾಂತದ ದ್ರಾಕ್ಷಿಗೆ ತಗುಲಿದ ರೋಗಕ್ಕೆ ಮಿಲಾರ್ಡೆ ಎಂಬ ವಿಜ್ಞಾನಿ 1885ರಲ್ಲಿ ಈ ಮದ್ದನ್ನು ಪ್ರಕಟಿಸಿದರು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಅವರು ಮಲೆನಾಡಿನ ಕೊಳೆರೋಗವನ್ನು ಅಭ್ಯಸಿಸಿ, ಅದನ್ನು ನಮ್ಮ ತೋಟಗಳಲ್ಲಿ ರೂಢಿಗೆ ತಂದರು. ಅದಕ್ಕೆ ಮೊದಲು ಗೊನೆಗೆ ಕೊಟ್ಟೆ ಕಟ್ಟುವುದೇ ನಮ್ಮ ಹಿರಿಯರಿಗಿದ್ದ ಉಪಾಯ.

ಮೈಲುತುತ್ತ ನೀರಿನಲ್ಲಿ ಕರಗಿದಾಗ ತಾಮ್ರವನ್ನು ನೀರಿನ ಅಣುಗಳು ಸುತ್ತುವರಿಯುತ್ತವೆ. ಕಾಣುವ ನೀಲಿ ಬಣ್ಣ ಈ ಕೂಟದ್ದೇ. ಹರಳನ್ನು ಚೆನ್ನಾಗಿ ಕಾಯಿಸಿ ನೀರು ಹೋಗಿಸಿದರೆ ಉಳಿಯುವುದು ಬಿಳಿ ಪುಡಿ. ಕರಗಿದ ತಾಮ್ರವನ್ನು ಹಾಗೆಯೇ ಸಿಂಪಡಿಸಿದರೆ ಎಳೆಗಾಯಿ ಸುಡುತ್ತದೆ, ಮಳೆಗೆ ತೊಳೆದೂ ಹೋಗುತ್ತದೆ. ಸುಣ್ಣ ಸೇರಿದಾಗ ಅದು ಕರಗದ, ಲೋಳೆಯಂಥ ನೀಲಿ ಕಣಗಳಾಗುತ್ತದೆ. ಕಣ ನವುರಾಗಿದ್ದಷ್ಟೂ ಕಾಯಿಗೆ ಭದ್ರವಾಗಿ ಅಂಟುತ್ತದೆ. ಮುಂದೆ ತೇವದಲ್ಲಿ ತಾಮ್ರ ಅಲ್ಪಸ್ವಲ್ಪವೇ ಬಿಡುಗಡೆಯಾಗಿ ರೋಗದ ಬೀಜಕಣಗಳನ್ನು ಕೊಲ್ಲುತ್ತದೆ.

ಇಂದು ಪ್ರಯೋಗಾಲಯಗಳಲ್ಲಿ ದ್ರಾವಣದಿಂದ ನ್ಯಾನೊ ಕಣ ತಯಾರಿಸುವವರ ಚಿಂತೆಯೂ ನಮ್ಮದೇ: ಎಷ್ಟು ತೆಳು ಮಾಡಬೇಕು, ಯಾವುದಕ್ಕೆ ಯಾವುದನ್ನು ಸುರಿಯಬೇಕು, ಎಷ್ಟು ಕಲಕಬೇಕು, ಎಷ್ಟು ಹೊತ್ತು ಇಡಬೇಕು. ಕಣದ ಗಾತ್ರವನ್ನು ನಿರ್ಧರಿಸುವುದು ಇವೇ.

ಅಡಿಕೆಗೆ ಶೇಕಡಾ 1ರ ದ್ರಾವಣ ಬೇಕು. 1 ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ ಕರಗಿಸಿರಿ. 1 ಕಿಲೋ ಒಳ್ಳೆಯ ಸುಟ್ಟ ಸುಣ್ಣವನ್ನು ಅರಳಿಸಿ, ಸೋಸಿ, ಇನ್ನೊಂದು 50 ಲೀಟರ್ ನೀರಿಗೆ ಸೇರಿಸಿರಿ. ಎರಡೂ ತಣ್ಣಗಿರಲಿ. ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತ ಬಿಡದೆ ಕಲಕಿರಿ. ಸುಣ್ಣವನ್ನು ತುತ್ತಕ್ಕೆ ಸುರಿಯಬಾರದು. ಗಟ್ಟಿಯಾಗಿ ಬೆರೆಸಿ ಆಮೇಲೆ ನೀರು ಹೊಯ್ದರೆ ಕಣ ಒರಟಾಗುತ್ತದೆ. ಕಬ್ಬಿಣದ ಪಾತ್ರೆ ಬೇಡ. ತಾಮ್ರ ಅದಕ್ಕೇ ಹತ್ತಿಕೊಳ್ಳುತ್ತದೆ. ಮರದ, ಮಣ್ಣಿನ ಅಥವಾ ಪ್ಲಾಸ್ಟಿಕ್ಕಿನ ಪಾತ್ರೆ ಲೇಸು. ಕಾಫಿಯ ಎಲೆ ತುಕ್ಕಿಗೆ ಶೇಕಡಾ 0.5 ಸಾಕು, ಎರಡನ್ನೂ ಅರ್ಧರ್ಧ ಕಿಲೋ ತೆಗೆದುಕೊಳ್ಳಿರಿ, ಕ್ರಮ ಇದೇ.

ಉಜ್ಜಿದ ಕತ್ತಿಯ ಅಲಗನ್ನು ಒಂದು ನಿಮಿಷ ಅದ್ದಿ ನೋಡಿರಿ. ಕೆಂಪು ಲೇಪ ಕಂಡರೆ ಬಿಡಿ ತಾಮ್ರ ಉಳಿದಿದೆಯೆಂದು ಅರ್ಥ. ಇನ್ನಷ್ಟು ಸುಣ್ಣದ ನೀರು ಸೇರಿಸಿ ಮತ್ತೆ ಪರೀಕ್ಷಿಸಿರಿ.

ಮಾಡಿದ ದಿನವೇ ಮುಗಿಸಿರಿ. ರಾತ್ರಿ ಇಟ್ಟರೆ ಕಣಗಳು ದಪ್ಪಗಾಗಿ ಅಂಟುವ ಗುಣ ಕಳೆದುಕೊಳ್ಳುತ್ತವೆ. ಉಳಿದದ್ದನ್ನು ಮರುದಿನ ಹೊಡೆದರೆ ಕೊನೆಗಾರನ ಕೂಲಿಯೂ ದಂಡ, ಗೊನೆಯೂ ದಂಡ.