ಮಾತಿಗೆ ಮುನ್ನ ಉಸಿರು: ನಟನ ಮೊದಲ ತಾಲೀಮು ಮತ್ತು ಧ್ವನಿಯ ಆರೋಗ್ಯ

ನಮ್ಮ ಭಾಗದಲ್ಲಿ ನಾಟಕದ ಅಭ್ಯಾಸಕ್ಕೆ ‘ತಾಲೀಮು’ ಎನ್ನುತ್ತಾರೆ. ಕುಸ್ತಿಯ ಪೈಲವಾನರು ಗರಡಿಯಲ್ಲಿ ಮಾಡುವ ಸಾಧನೆಗೂ ಅದೇ ಹೆಸರು. ಆದರೆ ಈ ಎರಡು ತಾಲೀಮುಗಳ ನಡುವೆ ಒಂದು ದೊಡ್ಡ ವ್ಯತ್ಯಾಸವುಂಟು. ಪೈಲವಾನನು ಎಣ್ಣೆ ತಿಕ್ಕಿ, ಬೈಠಕ್ ಹೊಡೆದು, ಮೈ ಹದಗೊಳಿಸಿಕೊಳ್ಳದೆ ಕಣಕ್ಕೆ ಇಳಿಯುವುದಿಲ್ಲ. ಜಾತ್ರೆಯ ನಾಟಕಕ್ಕೆ ಸಿದ್ಧರಾಗುವ ನಮ್ಮ ಹವ್ಯಾಸಿ ನಟರಾದರೋ ಹಗಲೆಲ್ಲ ದುಡಿದು, ರಾತ್ರಿ ಉಂಡು, ನೇರವಾಗಿ ಹಾರ್ಮೋನಿಯಂ ಬಳಿ ನಿಂತು ಏರುಧ್ವನಿಯಲ್ಲಿ ಮಾತು ಒಪ್ಪಿಸತೊಡಗುತ್ತಾರೆ. ಗೋಪನಕೊಪ್ಪದ ನಮ್ಮ ಚಿಕಿತ್ಸಾಲಯಕ್ಕೆ ಜಾತ್ರೆಯ ದಿನಗಳಲ್ಲಿ ಗಂಟಲು ಕಟ್ಟಿದ ಯುವಕರು ಬರುವುದುಂಟು. ನಾಟಕದ ದಿನದೊಳಗೆ ಧ್ವನಿ ಮರಳಬೇಕೆಂಬುದೇ ಅವರೆಲ್ಲರ ಬೇಡಿಕೆ. ಔಷಧವೇನೋ ಇದೆ. ಆದರೆ ಮೊದಲ ಔಷಧ ಇರುವುದು ತಾಲೀಮಿನ ಕ್ರಮದಲ್ಲಿಯೇ ಎಂಬುದನ್ನು ಇಲ್ಲಿ ವಿವರಿಸಬಯಸುತ್ತೇವೆ.

ಶಾಸ್ತ್ರಗಳ ನೋಟ

ಭರತಮುನಿಯ ನಾಟ್ಯಶಾಸ್ತ್ರವು ಆಂಗಿಕ, ವಾಚಿಕ, ಆಹಾರ್ಯ, ಸಾತ್ವಿಕ ಎಂದು ಅಭಿನಯವನ್ನು ನಾಲ್ಕು ಬಗೆಯಾಗಿ ವಿಂಗಡಿಸುತ್ತದೆ. ಅದೇ ಗ್ರಂಥವು ನಟನ ವ್ಯಾಯಾಮದ ಬಗೆಗೆ ವೈದ್ಯರೂ ಮೆಚ್ಚುವ ವಿವರಗಳನ್ನು ನೀಡುತ್ತದೆ. ಎಳ್ಳೆಣ್ಣೆಯನ್ನಾಗಲಿ ಜವೆಯ ಗಂಜಿಯನ್ನಾಗಲಿ ಮೈಗೆ ತಿಕ್ಕಿಕೊಂಡು ಅಭ್ಯಾಸ ಮಾಡಬೇಕು. ಬಲವು ಆಹಾರವನ್ನೂ, ವ್ಯಾಯಾಮವು ಬಲವನ್ನೂ ಅವಲಂಬಿಸಿವೆ. ಹಸಿದವರು, ಬಾಯಾರಿದವರು, ಬಹಳ ದಣಿದವರು, ಅತಿಯಾಗಿ ಉಂಡವರು ಅಭ್ಯಾಸಕ್ಕೆ ತೊಡಗಬಾರದು ಎಂಬುದು ಅದರ ಸಾರ. ನಮ್ಮ ರಾತ್ರಿ ತಾಲೀಮುಗಳನ್ನು ಈ ಮಾತಿನ ಪಕ್ಕದಲ್ಲಿಟ್ಟು ನೋಡಿದರೆ ತಪ್ಪೆಲ್ಲಿದೆ ಎಂಬುದು ತಾನಾಗಿಯೇ ತಿಳಿಯುತ್ತದೆ.

ಆಯುರ್ವೇದದ ಪ್ರಕಾರ ಮಾತು ಹೊರಡುವುದು ಉದಾನವಾಯುವಿನಿಂದ. ಅದರ ಮುಖ್ಯ ನೆಲೆ ಎದೆ. ಮಾತು ಮಾತ್ರವಲ್ಲ, ಪ್ರಯತ್ನ, ಬಲ, ಸ್ಮೃತಿಗಳೂ ಅದರ ಕಾರ್ಯಗಳೇ. ಧ್ವನಿ ಕೆಡುವ ರೋಗವನ್ನು ‘ಸ್ವರಭೇದ’ ಎಂದು ಕರೆದ ಸುಶ್ರುತನು ಅದರ ಕಾರಣಗಳಲ್ಲಿ ಅತಿ ಗಟ್ಟಿಯಾಗಿ ಮಾತನಾಡುವುದನ್ನೂ ದೊಡ್ಡ ದನಿಯ ಅಧ್ಯಯನವನ್ನೂ ಹೆಸರಿಸಿದ್ದಾನೆ. ಆದುದರಿಂದ ನಟರಿಗೆ ಹೇಳುವ ಈ ಮಾತುಗಳು ಶಾಲಾ ಶಿಕ್ಷಕರಿಗೂ, ಪ್ರವಚನಕಾರರಿಗೂ, ಭಜನಾ ಮಂಡಳಿಯವರಿಗೂ ಸಲ್ಲುತ್ತವೆ.

ಧ್ವನಿ: ಕೂಗುವುದಲ್ಲ, ತುಂಬುವುದು

ಶ್ವಾಸಕೋಶದಿಂದ ಹೊರಡುವ ಉಸಿರು ಗಂಟಲಿನ ಎರಡು ಧ್ವನಿತಂತುಗಳನ್ನು ಕಂಪಿಸುತ್ತದೆ. ಸಾಮಾನ್ಯ ಮಾತಿನಲ್ಲಿ ಪುರುಷರ ತಂತುಗಳು ಸೆಕೆಂಡಿಗೆ ಸುಮಾರು 100ರಿಂದ 130 ಸಲ, ಸ್ತ್ರೀಯರವು ಸುಮಾರು 200 ಸಲ ಕಂಪಿಸುತ್ತವೆ. ಉಸಿರಿನ ಆಧಾರವಿಲ್ಲದೆ ಕೂಗಿದಾಗ ಈ ತಂತುಗಳು ಒಂದಕ್ಕೊಂದು ಬಲವಾಗಿ ಬಡಿದು ಊದಿಕೊಳ್ಳುತ್ತವೆ. ಇದೇ ಅಭ್ಯಾಸ ಬಹುಕಾಲ ಮುಂದುವರಿದರೆ ಅವುಗಳ ಮೇಲೆ ಗಂಟು ಕಟ್ಟಬಹುದು.

ಏಣಗಿ ಬಾಳಪ್ಪನವರಂತಹ (1914–2017) ವೃತ್ತಿರಂಗಭೂಮಿಯ ಹಿರಿಯರು ನಾಟಕ ಆರಂಭಿಸಿದ ಕಾಲದಲ್ಲಿ ಧ್ವನಿವರ್ಧಕದ ಆಸರೆ ಇರಲಿಲ್ಲ. ಕಟ್ಟಕಡೆಯ ಸಾಲಿಗೂ ಮಾತು ಮುಟ್ಟಬೇಕಾಗಿತ್ತು. ಬರಿಯ ಗಂಟಲ ಬಲದಿಂದ ಆ ಕೆಲಸ ವರ್ಷಗಟ್ಟಲೆ ನಡೆಯದು. ಎದೆ, ಬಾಯಿ, ಮೂಗು, ತಲೆಯ ಪೊಳ್ಳುಗಳೆಲ್ಲ ಧ್ವನಿಯನ್ನು ತುಂಬಿಕೊಡಬೇಕು. ಎದೆ, ಕಂಠ, ಶಿರ ಎಂಬ ಮೂರು ಧ್ವನಿಸ್ಥಾನಗಳನ್ನು ಭರತನು ಹೇಳಿದ್ದಾನೆ. ಹತ್ತಿರದವರೊಡನೆ ಎದೆಯಿಂದ, ತುಸು ದೂರದವರೊಡನೆ ಕಂಠದಿಂದ, ಬಹುದೂರದವರನ್ನು ಕರೆಯಲು ಶಿರಸ್ಸಿನಿಂದ ಎಂಬುದು ಅವನ ವಿಭಾಗ.

ಅಭ್ಯಾಸವು ಸರಳವಾದುದು. ಮೊದಲು ಅಂಗಾತ ಮಲಗಿ ಹೊಟ್ಟೆಯ ಮೇಲೆ ಅಂಗೈ ಇಟ್ಟು, ಮೂಗಿನಿಂದ ಉಸಿರೆಳೆದಾಗ ಕೈ ಮೇಲೇಳುವುದನ್ನು ಗಮನಿಸಬೇಕು. ಬಳಿಕ ಎದ್ದು ನಿಂತು ‘ಸ್’ ಎಂಬ ಸದ್ದಿನೊಡನೆ ಉಸಿರನ್ನು ಒಂದೇ ಸಮನಾಗಿ ಬಿಡಬೇಕು. ಅನಂತರ ತುಟಿ ಮುಚ್ಚಿ, ಹಲ್ಲು ಬಿಗಿಯದೆ, ‘ಮ್’ ಎಂದು ಗುನುಗಬೇಕು. ತುಟಿ, ಮೂಗುಗಳಲ್ಲಿ ಝೇಂಕಾರದ ಅನುಭವವಾದರೆ ಕ್ರಮ ಸರಿಯಾಗಿದೆ ಎಂದರ್ಥ. ಗಂಟಲು ಉರಿದರೆ ನಿಲ್ಲಿಸಬೇಕು. ಹತ್ತು ನಿಮಿಷಗಳ ಈ ಸಿದ್ಧತೆಯ ತರುವಾಯವೇ ನಾಟಕದ ಮಾತು.

ಚಲನೆ: ಅರ್ಧಬಲದ ಮಿತಿ

ಬಿಗಿದ ಹೆಗಲು, ಸೆಟೆದ ಕುತ್ತಿಗೆ ಇರುವವನ ಧ್ವನಿಯೂ ಬಿಗಿದೇ ಇರುತ್ತದೆ. ಆದುದರಿಂದ ಕುತ್ತಿಗೆ, ಭುಜ, ಬೆನ್ನು, ಸೊಂಟ, ಮೊಣಕಾಲುಗಳನ್ನು ನಿಧಾನವಾಗಿ ಸಡಿಲಿಸಬೇಕು. ಆಮೇಲೆ ನಡಿಗೆಯ ಅಭ್ಯಾಸ. ತುಂಬಿದ ಕೊಡ ಹೊತ್ತವಳಂತೆ, ಕೆಸರಿನಲ್ಲಿ ನಡೆವ ರೈತನಂತೆ, ಮಂಡಿನೋವಿನ ಮುದುಕನಂತೆ ನಡೆದು ನೋಡುವಾಗ ಮೈಯ ಭಾರ ಎಲ್ಲಿ ಬೀಳುತ್ತದೆ ಎಂಬುದು ತಿಳಿಯುತ್ತದೆ. ವ್ಯಾಯಾಮಕ್ಕೆ ಆಯುರ್ವೇದವು ಅರ್ಧಬಲದ ಮಿತಿಯನ್ನು ವಿಧಿಸಿದೆ. ಉಸಿರು ಬಾಯಿಗೆ ಬಂದಿತೆಂದರೆ ಆ ಮಿತಿ ಮುಟ್ಟಿತೆಂದು ತಿಳಿಯಬೇಕು.

ಆಶು ಅಭಿನಯ: ಅಂಜಿಕೆಗೆ ಮದ್ದು

ಮೊದಲೇ ಬರೆದ ಮಾತಿಲ್ಲದೆ, ಕೊಟ್ಟ ಸಂದರ್ಭಕ್ಕೆ ಆ ಕ್ಷಣದಲ್ಲಿ ಸ್ಪಂದಿಸುವುದೇ ಆಶು ಅಭಿನಯ. ಇದು ನಮಗೆ ಹೊಸತಲ್ಲ. ತಾಳಮದ್ದಳೆಯ ಅರ್ಥಧಾರಿಗಳು ಇಂದಿಗೂ ಸ್ಥಳದಲ್ಲೇ ಮಾತು ಕಟ್ಟುತ್ತಾರೆ. ಅಮೆರಿಕದ ವಯೊಲಾ ಸ್ಪೋಲಿನ್ ಇಂತಹ ರಂಗಆಟಗಳನ್ನು ಕ್ರಮಬದ್ಧಗೊಳಿಸಿ 1963ರಲ್ಲಿ ಗ್ರಂಥವಾಗಿ ಪ್ರಕಟಿಸಿದರು. ಅವುಗಳಲ್ಲಿ ಕನ್ನಡಿಯಾಟ ಪ್ರಸಿದ್ಧವಾದುದು: ಇಬ್ಬರು ಎದುರುಬದುರು ನಿಂತು, ಒಬ್ಬರ ಚಲನೆಯನ್ನು ಇನ್ನೊಬ್ಬರು ಪ್ರತಿಬಿಂಬದಂತೆ ಅನುಸರಿಸುವುದು.

ವೈದ್ಯದೃಷ್ಟಿಯಿಂದ ಇದರ ಪ್ರಯೋಜನ ದೊಡ್ಡದು. ಸಭಾಭೀತಿ ಉಂಟಾದಾಗ ಬಾಯಿ ಒಣಗುತ್ತದೆ, ಉಸಿರು ಮೇಲಕ್ಕೇರುತ್ತದೆ, ಗಂಟಲು ಬಿಗಿಯುತ್ತದೆ. ‘ನಾನು ಹೇಗೆ ಕಾಣುತ್ತೇನೆ’ ಎಂಬ ಚಿಂತೆಯೇ ಅದರ ಬೇರು. ಎದುರಿನವನನ್ನು ನೋಡುವುದರಲ್ಲಿ ಮನಸ್ಸು ನೆಟ್ಟಾಗ ಆ ಚಿಂತೆ ಸಡಿಲವಾಗುತ್ತದೆ. ‘ಹುಬ್ಬಳ್ಳಿಗೆ ಹೋಗುವ ಕೊನೆಯ ಬಸ್ಸು ತಪ್ಪಿದೆ, ಜೊತೆಗೊಬ್ಬ ಅಪರಿಚಿತನಿದ್ದಾನೆ’ ಎಂಬ ಸಂದರ್ಭವೊಂದೇ ಸಾಕು. ಜೊತೆಗಾರನ ಮಾತನ್ನು ಅಲ್ಲಗಳೆಯದೆ, ಅದನ್ನು ಒಪ್ಪಿ ಮುಂದುವರಿಸುವುದೇ ಇದರ ಮುಖ್ಯ ನಿಯಮ. ರಂಗದ ಮೇಲೆ ಮಾತು ಮರೆತರೂ ತತ್ತರಿಸದ ಧೈರ್ಯ ಈ ಅಭ್ಯಾಸದಿಂದಲೇ ಬರುತ್ತದೆ.

ಕೆ.ವಿ. ಸುಬ್ಬಣ್ಣನವರ ನೇತೃತ್ವದಲ್ಲಿ 1980ರಲ್ಲಿ ಹೆಗ್ಗೋಡಿನಲ್ಲಿ ಆರಂಭವಾದ ನೀನಾಸಂ ರಂಗಶಿಕ್ಷಣ ಕೇಂದ್ರವಾಗಲಿ, ಬಿ.ವಿ. ಕಾರಂತರು 1989ರಲ್ಲಿ ಮೈಸೂರಿನಲ್ಲಿ ಕಟ್ಟಿದ ರಂಗಾಯಣವಾಗಲಿ ನಟನ ದೇಹ ಮತ್ತು ಧ್ವನಿಗಳನ್ನು ಪಾಠದ ವಿಷಯವಾಗಿಯೇ ಕಂಡಿವೆ. ಊರ ನಾಟಕಕ್ಕೆ ಅಷ್ಟು ದೀರ್ಘ ಶಿಕ್ಷಣ ಸಾಧ್ಯವಿಲ್ಲ. ಆದರೆ ಪ್ರತಿ ತಾಲೀಮಿನ ಮೊದಲ ಅರ್ಧ ಗಂಟೆಯನ್ನು ಉಸಿರು, ಚಲನೆ, ಆಶು ಅಭಿನಯಗಳಿಗೆ ಮೀಸಲಿಡುವುದು ಎಲ್ಲರಿಗೂ ಸಾಧ್ಯ.

ಪಥ್ಯ ಮತ್ತು ಎಚ್ಚರಿಕೆ

* ಊಟವಾದ ಎರಡು ತಾಸುಗಳ ಬಳಿಕ ತಾಲೀಮು ಮಾಡಬೇಕು. ನಡುನಡುವೆ ಬಿಸಿನೀರಿನ ಗುಟುಕು ಹಿತಕರ.
* ತಾಲೀಮಿನ ನಡುವೆ ಗಿರ್ಮಿಟ್, ಮಿರ್ಚಿ, ಮೇಲಿಂದ ಮೇಲೆ ಚಹಾ ಬೇಡ. ತಡರಾತ್ರಿ ಉಂಡೊಡನೆ ಮಲಗಿದರೆ ಆಮ್ಲವು ಗಂಟಲಿಗೇರಿ ಧ್ವನಿ ಕೆಡಿಸುತ್ತದೆ.
* ಬೆಳಿಗ್ಗೆ ಎಳ್ಳೆಣ್ಣೆಯಿಂದಾಗಲಿ ಉಗುರುಬೆಚ್ಚಗಿನ ಉಪ್ಪುನೀರಿನಿಂದಾಗಲಿ ಬಾಯಿ ಮುಕ್ಕಳಿಸಬೇಕು.
* ಜ್ಯೇಷ್ಠಮಧುವಿನ ಸಣ್ಣ ಚೂರು ಗಂಟಲಿಗೆ ತಂಪು; ಆದರೆ ರಕ್ತದೊತ್ತಡವಿರುವವರು ವೈದ್ಯರನ್ನು ಕೇಳದೆ ಸೇವಿಸಬಾರದು.
* ಧ್ವನಿ ಕಟ್ಟಿದಾಗ ಮೌನವೇ ಚಿಕಿತ್ಸೆ. ಪಿಸುಮಾತು ವಿಶ್ರಾಂತಿಯಲ್ಲ, ಅದೂ ಶ್ರಮವೇ.
* ಧ್ವನಿ ಒಡೆಯುತ್ತಿರುವ ಹದಿಹರೆಯದ ಬಾಲಕರಿಂದ ಅಬ್ಬರದ ಪಾತ್ರಗಳನ್ನು ಮಾಡಿಸಬಾರದು.
* ತಂಬಾಕು, ಗುಟಖಾ, ಮದ್ಯಗಳು ಧ್ವನಿಯ ನೇರ ವೈರಿಗಳು.

ಮೂರು ವಾರ ಕಳೆದರೂ ಧ್ವನಿ ಸರಿಯಾಗದಿದ್ದರೆ ಮನೆಮದ್ದನ್ನು ನಿಲ್ಲಿಸಿ ಕಿವಿ-ಮೂಗು-ಗಂಟಲು ತಜ್ಞರಲ್ಲಿ ಧ್ವನಿತಂತುಗಳನ್ನು ಪರೀಕ್ಷಿಸಿಕೊಳ್ಳಲೇಬೇಕು. ನುಂಗುವಾಗ ತೊಂದರೆ, ಕಫದಲ್ಲಿ ರಕ್ತ, ಕುತ್ತಿಗೆಯಲ್ಲಿ ಗಂಟು, ಉಸಿರಾಟದ ಕಷ್ಟ ಕಂಡರೆ ಒಂದು ದಿನವೂ ತಡೆಯಬಾರದು. ತಂಬಾಕು ಸೇವಿಸುವವರ ಒಡಕು ಧ್ವನಿಯು ಗಂಟಲಿನ ಅರ್ಬುದದ ಮೊದಲ ಸೂಚನೆಯಾಗಿರಬಹುದು. ಬೇಗ ಪತ್ತೆಯಾದರೆ ಅದು ಗುಣವಾಗುವ ಸಾಧ್ಯತೆ ಹೆಚ್ಚು.

ನಾಟಕ ಒಂದು ರಾತ್ರಿಯದು, ಧ್ವನಿ ಜೀವಮಾನದ್ದು. ಈ ಸಲದ ತಾಲೀಮನ್ನು ಮಾತಿನಿಂದಲ್ಲ, ಉಸಿರಿನಿಂದ ಆರಂಭಿಸಿರೆಂದು ನಾಟಕ ಕಲಿಸುವ ಮಾಸ್ತರರಲ್ಲಿ ನಾವು ವಿನಂತಿಸುತ್ತೇವೆ.